ಕೂಲಿಕಾರರ ಕೇರಿಯಲ್ಲಿ ಹುಟ್ಟಿದ ಮಾಂಟೆಸ್ಸರಿ

ರಾಮನಗರದಿಂದ ಚನ್ನಪಟ್ಟಣಕ್ಕೆ ಹಳೆಯ ಮೈಸೂರು ರಸ್ತೆಯಲ್ಲಿ ಬಸ್ಸಿನ ಕಿಟಕಿ ಪಕ್ಕ ಕೂತು ಹೋಗಿ. ಬೋರ್ಡುಗಳನ್ನು ಓದುತ್ತಾ ಹೋದರೆ ಒಂದು ಹೆಸರು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತೆ: ಮಾಂಟೆಸ್ಸರಿ. ಕನಕಪುರದಲ್ಲೂ ಅಷ್ಟೇ, ಮಾಗಡಿಯಲ್ಲೂ ಅಷ್ಟೇ. ಮಾಂಟೆಸ್ಸರಿ ಅಂದ್ರೆ ನಮ್ಮ ಕಡೆ ಎಲ್ಲರಿಗೂ ಅರ್ಥ ಗೊತ್ತು. ಟೈ, ಶೂ, ಇಂಗ್ಲಿಷ್ ರೈಮ್ಸು, ಬಾಗಿಲಿಗೆ ಬರುವ ವ್ಯಾನು, ಜೂನ್ ತಿಂಗಳಲ್ಲಿ ಎದೆ ಹಿಂಡುವ ಫೀಸು. ಆ ಫೀಸು ಕಟ್ಟೋಕೆ ಆಗದವರ ಮಕ್ಕಳಿಗೆ ಅಂಗನವಾಡಿ.

2024ರ ಜೂನ್‌ನಲ್ಲಿ ಈ ಲೆಕ್ಕಾಚಾರ ಸ್ವಲ್ಪ ಅಲುಗಾಡಿತು. ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ಶುರುಮಾಡಲು ಶಿಕ್ಷಣ ಇಲಾಖೆ ಹೊರಟಾಗ ಅಂಗನವಾಡಿ ಕಾರ್ಯಕರ್ತೆಯರು ಬೀದಿಗಿಳಿದರು. ಮೂರು ವರ್ಷದ ಮಕ್ಕಳನ್ನೂ ಶಾಲೆಗೆ ಕರೆದುಕೊಂಡರೆ ಅಂಗನವಾಡಿಗಳ ಗತಿ ಏನು ಅನ್ನೋದು ಅವರ ಪ್ರಶ್ನೆ. ಅದಾಗಿ ಸ್ವಲ್ಪ ದಿನಕ್ಕೆ ಬೆಂಗಳೂರಿನ 250 ಅಂಗನವಾಡಿಗಳಲ್ಲೇ ಎಲ್‌ಕೆಜಿ, ಯುಕೆಜಿ ಶುರುವಾಯ್ತು. ಅದಕ್ಕೆ ಸರ್ಕಾರ ಇಟ್ಟ ಹೆಸರು ಸರ್ಕಾರಿ ಮಾಂಟೆಸ್ಸರಿ. ಅಂದರೆ ಬಡವರ ಮಕ್ಕಳ ಜಾಗಕ್ಕೆ ಮರ್ಯಾದೆ ತರಬೇಕಾದರೆ ಶ್ರೀಮಂತರ ಶಾಲೆಯ ಹೆಸರು ಕಡ ತರಬೇಕು ಅಂತ ಸರ್ಕಾರಕ್ಕೂ ಅನಿಸಿದೆ.

ತಮಾಷೆ ಏನಂದ್ರೆ, ಆ ಹೆಸರು ಶ್ರೀಮಂತರದ್ದಾಗಿರಲೇ ಇಲ್ಲ. ಅದು ಬಂದಿದ್ದೇ ಕೂಲಿಕಾರರ ಕೇರಿಯಿಂದ. ಆ ಹೆಸರಿನ ಹಿಂದೆ ಒಬ್ಬ ಹೆಂಗಸಿದ್ದರು. ನಮ್ಮ ಪಕ್ಕದ ಮದ್ರಾಸಿನಲ್ಲಿ ವರ್ಷಗಟ್ಟಲೆ ಬಾಳಿ, ಪಾಠ ಮಾಡಿ ಹೋದವರು. ಅವರ ಬದುಕು ಗೊತ್ತಿದ್ದರೆ ಬಸ್ಸಿನ ಕಿಟಕಿಯಿಂದ ಕಾಣುವ ಆ ಬೋರ್ಡುಗಳನ್ನು ಬೇರೆ ಥರ ಓದಬಹುದು.

ಇಂಜಿನಿಯರ್ ಆಗಬೇಕು ಅಂದುಕೊಂಡಿದ್ದ ಹುಡುಗಿ

ಮರಿಯಾ ಮಾಂಟೆಸ್ಸರಿ ಹುಟ್ಟಿದ್ದು 1870ರ ಆಗಸ್ಟ್ 31ರಂದು, ಇಟಲಿಯ ಕಿಯಾರವಾಲೆ ಅನ್ನೋ ಸಣ್ಣ ಊರಲ್ಲಿ. ಅಪ್ಪ ಸರ್ಕಾರಿ ನೌಕರ. ಅಮ್ಮ ಆ ಕಾಲಕ್ಕೆ ಚೆನ್ನಾಗಿ ಓದಿಕೊಂಡಿದ್ದವರು. ಮಗಳಿಗೆ ಐದು ವರ್ಷ ಆದಾಗ ಸಂಸಾರ ರೋಮ್ ನಗರಕ್ಕೆ ಬಂತು. ಹುಡುಗಿ ಹದಿಮೂರಕ್ಕೆ ಹುಡುಗರೇ ತುಂಬಿದ್ದ ತಾಂತ್ರಿಕ ಶಾಲೆ ಸೇರಿದಳು. ಗಣಿತ ಅಂದ್ರೆ ಪ್ರಾಣ, ಇಂಜಿನಿಯರ್ ಆಗೋದು ಅಂತ ನಿರ್ಧಾರ. ಆಮೇಲೆ ಮನಸ್ಸು ಬದಲಾಯಿಸಿ ವೈದ್ಯಕೀಯದ ಕಡೆ ತಿರುಗಿದರು. ನಾನೂ ಇಂಜಿನಿಯರಿಂಗ್ ಮುಗಿಸಿ ಬೇರೆ ದಾರಿ ಹಿಡಿದವನು, ಹಾಗಾಗಿ ಈ ಭಾಗ ಓದುವಾಗ ಸ್ವಲ್ಪ ಖುಷಿಯಾಗುತ್ತೆ. ಆದರೆ ನಾನು ಬಿಟ್ಟಿದ್ದಕ್ಕೂ ಅವರು ಬಿಟ್ಟಿದ್ದಕ್ಕೂ ಹೋಲಿಕೆ ಇಲ್ಲ. ಅವರು ಬಿಟ್ಟರೂ ಆ ಬುದ್ಧಿ ಅವರನ್ನು ಬಿಡಲಿಲ್ಲ. ಅದು ಮುಂದೆ ಎಲ್ಲಿ ಕೆಲಸಕ್ಕೆ ಬಂತು ಅನ್ನೋದನ್ನು ಆಮೇಲೆ ಹೇಳ್ತೀನಿ.

ವೈದ್ಯಕೀಯ ಓದಲು ಹೆಣ್ಣುಮಗಳೊಬ್ಬಳು ಬಂದಿದ್ದು ಅಪ್ಪನಿಗೂ ಇಷ್ಟ ಇರಲಿಲ್ಲ, ಕಾಲೇಜಿಗೂ ಇರಲಿಲ್ಲ. ಗಂಡಸರ ಜೊತೆ ನಿಂತು ಹೆಣ ಕೊಯ್ಯೋದು ಸರಿಯಲ್ಲ ಅಂತ ಎಲ್ಲರೂ ಹೋದಮೇಲೆ ಒಬ್ಬರೇ ಆ ಕೋಣೆಯಲ್ಲಿ ಕೂತು ಅಂಗರಚನೆ ಕಲಿಯಬೇಕಾಯ್ತು. 1896ರಲ್ಲಿ ಪದವಿ ಬಂತು. ಇಟಲಿಯಲ್ಲಿ ಡಾಕ್ಟರ್ ಆದ ಮೊದಲ ಕೆಲವು ಹೆಂಗಸರಲ್ಲಿ ಅವರೂ ಒಬ್ಬರು. ಅದೇ ವರ್ಷ ಬರ್ಲಿನ್‌ನಲ್ಲಿ ನಡೆದ ಅಂತರರಾಷ್ಟ್ರೀಯ ಮಹಿಳಾ ಸಮ್ಮೇಳನದಲ್ಲಿ ಇಟಲಿಯ ಪರವಾಗಿ ಮಾತಾಡಿದರು. ವಿಷಯ ಮಕ್ಕಳಲ್ಲ, ದುಡಿಯುವ ಹೆಂಗಸರಿಗೆ ಸಮಾನ ಕೂಲಿ. ಮಕ್ಕಳ ವಿಚಾರಕ್ಕೆ ಬರುವ ಮೊದಲೇ ಅವರು ಆ ಮಕ್ಕಳ ತಾಯಂದಿರ ಕೂಲಿಯ ಬಗ್ಗೆ ಮಾತಾಡಿದ್ದರು. ಇದನ್ನು ನೆನಪಿಟ್ಟುಕೊಳ್ಳಿ.

ನೆಲದ ಮೇಲಿನ ಬ್ರೆಡ್ಡಿನ ಚೂರು

ರೋಮ್ ವಿಶ್ವವಿದ್ಯಾಲಯದ ಮಾನಸಿಕ ಚಿಕಿತ್ಸಾ ವಿಭಾಗದಲ್ಲಿ ಕೆಲಸ ಸಿಕ್ಕಿತು. ಆಗ ಬುದ್ಧಿಮಾಂದ್ಯ ಅನಿಸಿಕೊಂಡ ಮಕ್ಕಳನ್ನು ದೊಡ್ಡವರ ಜೊತೆ ಹುಚ್ಚಾಸ್ಪತ್ರೆಗಳಲ್ಲಿ ಕೂಡಿಹಾಕುತ್ತಿದ್ದರು. ಅಂಥ ಒಂದು ಬರಿಗೋಡೆಯ ಕೋಣೆಯ ಬಗ್ಗೆ ಒಂದು ಕಥೆ ಹೇಳ್ತಾರೆ. ಈ ಮಕ್ಕಳು ಊಟ ಆದಮೇಲೂ ನೆಲದ ಮೇಲೆ ಬಿದ್ದ ಬ್ರೆಡ್ಡಿನ ಚೂರುಗಳಿಗೆ ಮುಗಿಬೀಳ್ತಾರೆ ಅಂತ ನೋಡಿಕೊಳ್ಳುವ ಹೆಂಗಸು ಅಸಹ್ಯದಿಂದ ದೂರಿದಳಂತೆ. ಮಾಂಟೆಸ್ಸರಿ ಸುತ್ತ ನೋಡಿದರು. ಆ ಕೋಣೆಯಲ್ಲಿ ಮುಟ್ಟೋಕೆ, ಹಿಡಿಯೋಕೆ, ತಿರುಗಿಸಿ ನೋಡೋಕೆ ಬೇರೆ ಏನೂ ಇರಲಿಲ್ಲ. ಹಸಿವು ಹೊಟ್ಟೆಯದ್ದಲ್ಲ, ಕೈಯದ್ದು ಅಂತ ಅವರಿಗೆ ಅನ್ನಿಸಿತು.

ಅಲ್ಲಿಂದ ಹುಡುಕಾಟ ಶುರು. ಇಟಾರ್, ಸೆಗೆನ್ ಎಂಬ ಇಬ್ಬರು ಫ್ರೆಂಚ್ ವೈದ್ಯರು ಇಂಥ ಮಕ್ಕಳಿಗೆ ಕಲಿಸಲು ಮಾಡಿದ್ದ ಪ್ರಯೋಗಗಳನ್ನು ಓದಿದರು. ಸರಿಯಾಗಿ ಅರ್ಥ ಆಗಲಿ ಅಂತ ಆ ಪುಸ್ತಕಗಳನ್ನು ಇಟಾಲಿಯನ್ ಭಾಷೆಗೆ ತಿರುಗಿಸಿ ಕೈಯಲ್ಲೇ ಬರೆದುಕೊಂಡರು. 1900ರಲ್ಲಿ ಇಂಥ ಮಕ್ಕಳ ಶಿಕ್ಷಕರಿಗೆ ತರಬೇತಿ ಕೊಡುವ ಸಂಸ್ಥೆ ಶುರುವಾದಾಗ ಅದರ ನಿರ್ದೇಶಕರಲ್ಲಿ ಒಬ್ಬರಾದರು. ಹಗಲೆಲ್ಲಾ ಮಕ್ಕಳ ಜೊತೆ, ರಾತ್ರಿ ಟಿಪ್ಪಣಿ. ಕೈಬಿಟ್ಟಿದ್ದ ಆ ಮಕ್ಕಳಲ್ಲಿ ಕೆಲವರು ಮಾಮೂಲಿ ಮಕ್ಕಳು ಬರೆಯುವ ಓದು-ಬರಹದ ಪರೀಕ್ಷೆಯನ್ನೇ ಪಾಸು ಮಾಡಿದರು. ಊರೆಲ್ಲಾ ಪವಾಡ ಅಂತು. ಅವರಿಗೆ ಬಂದ ಪ್ರಶ್ನೆ ಬೇರೆ. ಈ ಮಕ್ಕಳು ಅಷ್ಟು ಮುಂದೆ ಬರಬಹುದಾದರೆ, ಆರೋಗ್ಯವಾಗಿರುವ ಮಕ್ಕಳನ್ನು ಶಾಲೆಗಳು ಎಷ್ಟು ಹಿಂದೆ ಹಿಡಿದಿಟ್ಟಿವೆ?

ಇದೇ ಹೊತ್ತಿನಲ್ಲಿ ಅವರ ಸ್ವಂತ ಬದುಕಿನಲ್ಲಿ ಒಂದು ಗುಟ್ಟಿತ್ತು. 1898ರಲ್ಲಿ ಅವರಿಗೆ ಒಬ್ಬ ಮಗ ಹುಟ್ಟಿದ್ದ. ಹೆಸರು ಮಾರಿಯೊ. ತಂದೆ ಜೊತೆಯಲ್ಲೇ ಕೆಲಸ ಮಾಡುತ್ತಿದ್ದ ವೈದ್ಯ ಮೊಂಟೆಸಾನೊ. ಮದುವೆ ಆಗಿರಲಿಲ್ಲ. ಆಗಿದ್ದರೆ ಕೆಲಸ ಬಿಡಬೇಕಿತ್ತು, ಆಗದೆ ಮಗುವಿದೆ ಅಂತ ಗೊತ್ತಾದರೂ ಕೆಲಸ ಹೋಗುತ್ತಿತ್ತು. ಮಗುವನ್ನು ಹಳ್ಳಿಯ ಒಂದು ಸಂಸಾರಕ್ಕೆ ಸಾಕಲು ಕೊಟ್ಟರು. ಮೊಂಟೆಸಾನೊ ಬೇರೆಯವರನ್ನು ಮದುವೆಯಾದರು. ಜಗತ್ತಿನ ಮಕ್ಕಳನ್ನು ಹತ್ತಿರದಿಂದ ನೋಡಿದ ಹೆಂಗಸಿಗೆ ಸ್ವಂತ ಮಗ ಬೆಳೆಯೋದನ್ನು ನೋಡೋಕೆ ಆಗಲಿಲ್ಲ. ಮಾರಿಯೊ ಹದಿನೈದರ ಆಸುಪಾಸಿಗೆ ಬಂದಮೇಲೆ ಜೊತೆಗೆ ಕರೆದುಕೊಂಡರು. ಆಮೇಲೂ ದಶಕಗಳ ಕಾಲ ಜನರ ಮುಂದೆ ಅವನು ಸೋದರಳಿಯ, ಇಲ್ಲವೇ ಸಾಕುಮಗ. ಇದಕ್ಕೆ ಅವರನ್ನು ಬೈಯೋದು ಸುಲಭ. ಆ ಎರಡೇ ಆಯ್ಕೆ ಕೊಟ್ಟ ಸಮಾಜವನ್ನು ಬೈಯೋದು ಹೆಚ್ಚು ನ್ಯಾಯ.

ಗೋಡೆ ಹಾಳಾಗದಿರಲಿ ಅಂತ ಶುರುವಾದ ಶಾಲೆ

ರೋಮ್ ನಗರದ ಸ್ಯಾನ್ ಲೊರೆಂಜೊ ಕೇರಿ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಅಲ್ಲಿ ರಿಯಲ್ ಎಸ್ಟೇಟ್ ಹುಚ್ಚು ಹಿಡಿದಿತ್ತು. ಸಾಲ ತಂದು ಕಟ್ಟಡ ಎಬ್ಬಿಸಿದರು, ಮಾರುಕಟ್ಟೆ ಕುಸಿಯಿತು, ಅರ್ಧಂಬರ್ಧ ಕಟ್ಟಡಗಳಲ್ಲಿ ಬಡವರು ಬಂದು ಸೇರಿಕೊಂಡರು. ಆಮೇಲೆ ಒಂದು ಕಂಪನಿ ಆ ಕಟ್ಟಡಗಳನ್ನು ರಿಪೇರಿ ಮಾಡಿ ಕೂಲಿಕಾರ ಸಂಸಾರಗಳಿಗೆ ಬಾಡಿಗೆಗೆ ಕೊಟ್ಟಿತು. ಗಂಡ-ಹೆಂಡತಿ ಇಬ್ಬರೂ ದುಡಿಯಲು ಹೋಗುತ್ತಿದ್ದರು, ದೊಡ್ಡ ಮಕ್ಕಳು ಶಾಲೆಗೆ. ಉಳಿದವರು ಮೂರರಿಂದ ಆರು ವರ್ಷದ ಚಿಳ್ಳೆಪಿಳ್ಳೆಗಳು. ದಿನವಿಡೀ ಮೆಟ್ಟಿಲ ಮೇಲೆ ಓಡಾಡಿ ಹೊಸ ಸುಣ್ಣದ ಗೋಡೆಗಳನ್ನೆಲ್ಲಾ ಗೀಚಿ ಹಾಳುಮಾಡುತ್ತಿದ್ದವು. ಪ್ರತಿ ಸಲ ಗೋಡೆ ರಿಪೇರಿ ಮಾಡಿಸುವುದಕ್ಕಿಂತ ಇವರನ್ನೆಲ್ಲಾ ಒಂದು ಕೋಣೆಗೆ ಸೇರಿಸಿ ನೋಡಿಕೊಳ್ಳಲು ಒಬ್ಬಳನ್ನು ಇಡೋದು ಅಗ್ಗ ಅಂತ ಕಂಪನಿ ಲೆಕ್ಕ ಹಾಕಿತು. ಉಸ್ತುವಾರಿಗೆ ಡಾಕ್ಟರ್ ಮಾಂಟೆಸ್ಸರಿಯವರನ್ನು ಕೇಳಿದರು. ಅವರು ಒಪ್ಪಿದರು.

1907ರ ಜನವರಿ 6. ಸುಮಾರು ಐವತ್ತು ಮಕ್ಕಳು. ಆ ಜಾಗಕ್ಕೆ ಬಂದ ಹೆಸರು ಕಾಸಾ ದೇಯಿ ಬಂಬೀನಿ. ಕನ್ನಡದಲ್ಲಿ ಹೇಳಬೇಕಂದ್ರೆ, ಮಕ್ಕಳ ಮನೆ. ನಮ್ಮಲ್ಲಿ ಎಷ್ಟೋ ಸರ್ಕಾರಿ ಶಾಲೆಗಳಲ್ಲಿ ನಡೆಯುವ ಶಿಶುತರಗತಿಗೆ ಇರುವ ಹೆಸರೂ ಅದೇ.

ಟೀಚರ್ ಆಗಿ ಬಂದ ಹುಡುಗಿಗೆ ತರಬೇತಿ ಇರಲಿಲ್ಲ. ಮಾಂಟೆಸ್ಸರಿಗೆ ಅದೇ ಬೇಕಿತ್ತು. ಕಲಿಸೋಕೆ ಅವಸರ ಪಡುವವರು ಬೇಡ, ನೋಡಿ ಬಂದು ಹೇಳುವವರು ಸಾಕು. ಆ ಕೋಣೆಯಲ್ಲಿ ಅವರು ಕಂಡದ್ದು ಮುಂದೆ ಜಗತ್ತೇ ಓದಿತು.

ಮೂರು ವರ್ಷದ ಒಂದು ಹೆಣ್ಣುಮಗು ಮರದ ದಿಮ್ಮಿಯ ತೂತುಗಳಿಗೆ ಬೇರೆ ಬೇರೆ ಅಳತೆಯ ಬಿರಡೆಗಳನ್ನು ಕೂರಿಸುತ್ತಿತ್ತು. ಎಲ್ಲಾ ಕೂರಿಸಿ, ಎಲ್ಲಾ ತೆಗೆದು, ಮತ್ತೆ ಮೊದಲಿಂದ. ಬೇರೆ ಮಕ್ಕಳಿಂದ ಸುತ್ತಲೂ ಹಾಡಿಸಿದರು, ತಿರುಗಿ ನೋಡಲಿಲ್ಲ. ಕುರ್ಚಿ ಸಮೇತ ಎತ್ತಿ ಮೇಜಿನ ಮೇಲಿಟ್ಟರು, ಬಿರಡೆಗಳನ್ನು ಮಡಿಲಿಗೆ ಎಳೆದುಕೊಂಡು ಕೆಲಸ ಮುಂದುವರಿಸಿತು. ಮಾಂಟೆಸ್ಸರಿ ಎಣಿಸಿದರು: 44 ಸಲ. ಆಮೇಲೆ ಮಗು ತಾನಾಗಿ ನಿಲ್ಲಿಸಿ, ನಿದ್ದೆಯಿಂದ ಎದ್ದ ಹಾಗೆ ಹಗುರವಾಗಿ ಸುತ್ತ ನೋಡಿತು. ಚಿಕ್ಕ ಮಕ್ಕಳಿಗೆ ಗಮನ ನಿಲ್ಲಲ್ಲ ಅನ್ನೋದು ದೊಡ್ಡವರ ನಂಬಿಕೆ. ಕೈಗೆ ತಕ್ಕ ಕೆಲಸ ಸಿಗದಿದ್ದಾಗ ಮಾತ್ರ ಅದು ನಿಜ ಅಂತ ಅವರಿಗೆ ಗೊತ್ತಾಯ್ತು.

ಒಂದು ದಿನ ಟೀಚರ್ ಬರೋದು ತಡವಾಯ್ತು. ಬೀರು ಬೀಗ ಹಾಕಿರಲಿಲ್ಲ. ಮಕ್ಕಳೇ ತಮಗೆ ಬೇಕಾದ ಸಾಮಾನು ಆರಿಸಿ ತಗೊಂಡು ಕೂತಿದ್ದವು. ಟೀಚರ್‌ಗೆ ಅದು ಕಳ್ಳತನ, ಮಾಂಟೆಸ್ಸರಿಗೆ ಅದು ಆಯ್ಕೆ. ಅಂದಿನಿಂದ ಎತ್ತರದ ಬೀರು ಹೋಗಿ ಮಕ್ಕಳ ಕೈಗೆ ಎಟುಕುವ ಕಪಾಟು ಬಂತು. ಇನ್ನೊಂದು ದಿನ ಮೂಗು ಸೀನಿ ಒರೆಸಿಕೊಳ್ಳೋದು ಹೇಗೆ ಅಂತ ತೋರಿಸಿದರು. ಮಕ್ಕಳು ನಗಲಿಲ್ಲ, ಚಪ್ಪಾಳೆ ತಟ್ಟಿದವು. ಸುರಿಯುವ ಮೂಗಿಗೆ ಬೈಸಿಕೊಂಡೇ ಬೆಳೆದವರಿಗೆ ಬೈಯದೆ ಹೇಳಿಕೊಟ್ಟವರು ಅದೇ ಮೊದಲು.

ಆಮೇಲೆ ಅಕ್ಷರ. ಓದು ಬಾರದ ತಾಯಂದಿರೇ ಬಂದು ನಮ್ಮ ಮಕ್ಕಳಿಗೆ ಓದು-ಬರಹ ಕಲಿಸಿ ಅಂದರು. ಸ್ಯಾಂಡ್‌ಪೇಪರಿನಲ್ಲಿ ಅಕ್ಷರ ಕತ್ತರಿಸಿ ಅಂಟಿಸಿದರು. ಮಕ್ಕಳು ಬೆರಳಲ್ಲಿ ತಡವಿ ಆ ಅಕ್ಷರದ ಸದ್ದು ಹೇಳುತ್ತಿದ್ದವು. ಒಂದು ದಿನ ಬಿಸಿಲುಮಚ್ಚಿನ ಮೇಲೆ ಒಬ್ಬ ಹುಡುಗ ಸೀಮೆಸುಣ್ಣ ಹಿಡಿದು ತಾನೇ ಒಂದು ಪದ ಬರೆದ. ಆಮೇಲೆ ಇನ್ನೊಬ್ಬ, ಮತ್ತೊಬ್ಬಳು. ನೆಲ, ಬಾಗಿಲು, ಗೋಡೆ ಎಲ್ಲಾ ಕಡೆ ಬರಹ. ಗೋಡೆ ಉಳಿಸಲು ಶುರುಮಾಡಿದ ಶಾಲೆಯ ಮಕ್ಕಳು ಗೋಡೆ ತುಂಬಾ ಬರೆದರು. ಈ ಸಲ ಅದನ್ನು ನೋಡಲು ಜನ ಹುಡುಕಿಕೊಂಡು ಬಂದರು.

ತಪ್ಪು ಹೇಳಿಕೊಡುವ ಮರ

ಈಗ ಆ ಇಂಜಿನಿಯರ್ ಬುದ್ಧಿಯ ವಿಷಯ. ಮಾಂಟೆಸ್ಸರಿ ಸಾಮಾನುಗಳನ್ನು ಆಟಿಕೆ ಅಂತ ನೋಡಿದರೆ ಅರ್ಥ ಆಗಲ್ಲ, ಡಿಸೈನ್ ಅಂತ ನೋಡಬೇಕು. ಆ ದಿಮ್ಮಿಯಲ್ಲಿ ಹತ್ತು ತೂತು, ಹತ್ತು ಬಿರಡೆ. ಒಂದು ತಪ್ಪಾಗಿ ಕೂತರೆ ಕೊನೆಯ ಬಿರಡೆಗೆ ಜಾಗ ಸಿಗಲ್ಲ. ತಪ್ಪಾಗಿದೆ ಅಂತ ಟೀಚರ್ ಹೇಳಬೇಕಿಲ್ಲ, ಮರವೇ ಹೇಳುತ್ತೆ. ಗುಲಾಬಿ ಬಣ್ಣದ ಗೋಪುರದಲ್ಲಿ ಹತ್ತು ಘನಗಳು, 1 ಸೆಂಟಿಮೀಟರಿನಿಂದ 10 ಸೆಂಟಿಮೀಟರಿನವರೆಗೆ. ಬಣ್ಣ ಒಂದೇ, ಆಕಾರ ಒಂದೇ, ಬದಲಾಗೋದು ಅಳತೆ ಮಾತ್ರ. ಹಾಗಾಗಿ ಮಗುವಿನ ಗಮನ ಅಳತೆಯ ಮೇಲೆ ಮಾತ್ರ ಹೋಗುತ್ತೆ. ಬೈಗುಳ ಇಲ್ಲದೆ, ಹೊಗಳಿಕೆಯೂ ಇಲ್ಲದೆ, ತನ್ನ ತಪ್ಪನ್ನು ತಾನೇ ಹಿಡಿಯುವ ಅಭ್ಯಾಸ ಇಲ್ಲಿಂದ ಬರುತ್ತೆ. ಪ್ರಜಾಪ್ರಭುತ್ವಕ್ಕೆ ಬೇಕಾದ ಪ್ರಜೆಯ ಮೊದಲ ಪಾಠ ಇದೇ ಅಂದರೆ ಅತಿಯಾಗಲ್ಲ.

ಚನ್ನಪಟ್ಟಣದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಲೆಮರದ ತುಂಡನ್ನು ಲೇತಿಗೆ ಹಾಕಿ, ತಿರುಗುತ್ತಿರುವಾಗಲೇ ಅರಗಿನ ಬಣ್ಣ ಹಿಡಿಸಿ, ತಾಳೆಗರಿಯಲ್ಲಿ ಉಜ್ಜಿ ಹೊಳಪು ಕೊಡುವ ಊರದು. ದೊಡ್ಡದರಿಂದ ಚಿಕ್ಕದಕ್ಕೆ ಕೋಲಿಗೆ ಪೋಣಿಸುವ ಬಳೆಗಳು, ಎಣಿಸುವ ಮಣಿಗಳು, ಕೂಸು ಕಚ್ಚಿದರೂ ತೊಂದರೆಯಿಲ್ಲದ ಗಿಲಕಿ. ಮಗುವಿನ ಕೈಗೆ ಏನು ಬೇಕು ಅನ್ನೋದು ಅಲ್ಲಿನ ಕುಶಲಕರ್ಮಿಗಳಿಗೆ ಗೊತ್ತಿದೆ. ಈ ಆಟಿಕೆಗಳಿಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ಇದೆ. ಆದರೆ ಹೆದ್ದಾರಿ ಅಂಗಡಿಯಲ್ಲಿ ಅವನ್ನು ಕೊಳ್ಳೋದು ಕಾರಿನಲ್ಲಿ ಬಂದವರು. ನಾನು ಹೋಗಿ ನೋಡಿದ ಕೆಲವು ಅಂಗನವಾಡಿಗಳಲ್ಲಿ ಇದ್ದದ್ದು ಬಣ್ಣ ಮಾಸಿದ ಪ್ಲಾಸ್ಟಿಕ್ಕು, ಅದೂ ಹಾಳಾಗುತ್ತೆ ಅಂತ ಬೀರುವಿನಲ್ಲಿ ಭದ್ರ. 1907ರಲ್ಲಿ ತೆರೆದ ಬೀರು ನಮ್ಮಲ್ಲಿ ಇನ್ನೂ ಬೀಗ ಹಾಕಿಕೊಂಡೇ ಇದೆ.

ಹೆಸರು ದೊಡ್ಡದಾದ ಮೇಲೆ

1909ರಲ್ಲಿ ಅವರ ವಿಧಾನದ ಪುಸ್ತಕ ಬಂತು, 1912ರಲ್ಲಿ ಇಂಗ್ಲಿಷಿಗೆ ಹೋಯ್ತು. 1913ರಲ್ಲಿ ಅಮೆರಿಕಾ ಪ್ರವಾಸ. 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ವಸ್ತುಪ್ರದರ್ಶನದಲ್ಲಿ ಗಾಜಿನ ಗೋಡೆಯ ತರಗತಿ ಕಟ್ಟಿದರು. ಒಳಗೆ ಮಕ್ಕಳು ತಮ್ಮ ಪಾಡಿಗೆ ತಾವು ಕೆಲಸ ಮಾಡುತ್ತಿದ್ದರು, ಹೊರಗೆ ಜನ ನಿಂತು ನೋಡುತ್ತಿದ್ದರು.

ತೊಡಕೂ ಆಗಲೇ ಶುರುವಾಯ್ತು. ತರಬೇತಿ ತಾನೇ ಕೊಡಬೇಕು, ಸಾಮಾನು ತಾನು ಹೇಳಿದ ಹಾಗೇ ಇರಬೇಕು ಅಂತ ಅವರು ಬಿಗಿ ಹಿಡಿದರು. ತರಬೇತಿ ದುಬಾರಿ, ಸಾಮಾನು ದುಬಾರಿ. ಕೂಲಿಕಾರರ ಮಕ್ಕಳಿಂದ ಕಲಿತ ವಿದ್ಯೆ ಕಾಸಿದ್ದವರ ಮಕ್ಕಳ ಕೈಗೆ ಜಾರಿತು. ಬೋರ್ಡಿನ ಕಥೆ ಶುರುವಾಗಿದ್ದು ಹೀಗೆ, ಅದರಲ್ಲಿ ಅವರದ್ದೂ ಪಾಲಿದೆ.

ಇನ್ನೂ ದೊಡ್ಡ ತಪ್ಪು ಮುಸೊಲಿನಿ. 1924ರಲ್ಲಿ ಆತನ ಸರ್ಕಾರ ಮಾಂಟೆಸ್ಸರಿ ಶಾಲೆಗಳ ಬೆನ್ನಿಗೆ ನಿಂತಿತು. ಇಟಲಿಯ ಎಲ್ಲಾ ಮಕ್ಕಳಿಗೂ ತಲುಪಬಹುದು ಅನ್ನೋ ಆಸೆಗೆ ಅವರು ಆ ಬೆಂಬಲ ತಗೊಂಡರು. ಶಿಸ್ತಾಗಿ ಕೂತು ಕೆಲಸ ಮಾಡುವ ಮಕ್ಕಳು ಸರ್ವಾಧಿಕಾರಿಗೆ ಇಷ್ಟವಾದರು. ಆ ಶಿಸ್ತು ಸ್ವಾತಂತ್ರ್ಯದಿಂದ ಬಂದದ್ದು ಅಂತ ಆತನಿಗೆ ಗೊತ್ತಾಗಲು ಸ್ವಲ್ಪ ಕಾಲ ಹಿಡಿಯಿತು. ಮಕ್ಕಳಿಗೆ ಸಮವಸ್ತ್ರ, ಶಿಕ್ಷಕರಿಗೆ ನಿಷ್ಠೆಯ ಪ್ರಮಾಣ ಅಂತ ಒತ್ತಡ ಬಂದಾಗ ಅವರು ಬಗ್ಗಲಿಲ್ಲ. 1934ರ ಹೊತ್ತಿಗೆ ಸಂಬಂಧ ಕಡಿಯಿತು, ಇಟಲಿಯಲ್ಲಿ ಶಾಲೆಗಳು ಮುಚ್ಚಿದವು. ಜರ್ಮನಿಯಲ್ಲಿ ನಾಜಿಗಳು ಮುಚ್ಚಿಸಿದರು. ಬಾರ್ಸಿಲೋನಾದಲ್ಲಿ ನೆಲೆಸಿದ್ದರೆ 1936ರಲ್ಲಿ ಅಲ್ಲಿ ಅಂತರ್ಯುದ್ಧ. ಅರವತ್ತೈದು ದಾಟಿದ ಮೇಲೆ ಎಲ್ಲಾ ಬಿಟ್ಟು ಹಾಲೆಂಡ್ ಸೇರಿದರು. ಅಧಿಕಾರದ ಜೊತೆ ರಾಜಿ ಮಾಡಿಕೊಂಡು ಮಕ್ಕಳ ಕೆಲಸ ಮಾಡಬಹುದು ಅಂದುಕೊಳ್ಳುವ ಎಲ್ಲರೂ ಈ ಹತ್ತು ವರ್ಷವನ್ನು ಓದಬೇಕು.

ಮದ್ರಾಸಿನ ವರ್ಷಗಳು

1931ರ ಅಕ್ಟೋಬರಿನಲ್ಲಿ, ದುಂಡುಮೇಜಿನ ಪರಿಷತ್ತಿಗೆ ಲಂಡನ್ನಿಗೆ ಹೋಗಿದ್ದ ಗಾಂಧೀಜಿ ಅವರ ತರಬೇತಿ ಕೇಂದ್ರಕ್ಕೆ ಬಂದಿದ್ದರು. ಇಂಥ ಕಲಿಕೆ ಸ್ಥಿತಿವಂತರ ಮಕ್ಕಳಿಗೆ ಮಾತ್ರ ಸಿಗದೆ ಕಡುಬಡವರ ಮಕ್ಕಳಿಗೂ ಸಿಗಲಿ ಎಂಬ ಆಸೆಯನ್ನು ಅಲ್ಲೇ ಹೇಳಿದರು. ಪ್ರಶ್ನೆ ಸರಿಯಾದ ಜಾಗಕ್ಕೇ ಬಿದ್ದಿತ್ತು.

1939ರ ಕೊನೆಯಲ್ಲಿ, 69ನೇ ವಯಸ್ಸಿನಲ್ಲಿ, ಮಗನ ಜೊತೆ ಮಾಂಟೆಸ್ಸರಿ ಮದ್ರಾಸಿಗೆ ಬಂದಿಳಿದರು. ಅಡ್ಯಾರಿನ ಥಿಯಸಾಫಿಕಲ್ ಸೊಸೈಟಿಯ ಜಾರ್ಜ್ ಅರುಂಡೇಲ್, ರುಕ್ಮಿಣಿ ದೇವಿ ಅವರ ಕರೆ. ಗರಿಯ ಚಪ್ಪರಗಳ ಕೆಳಗೆ ಸುಮಾರು ಮುನ್ನೂರು ಶಿಕ್ಷಕರಿಗೆ ಪಾಠ ಶುರು. ಅವರು ಇಟಾಲಿಯನ್‌ನಲ್ಲಿ ಹೇಳೋದು, ಮಾರಿಯೊ ಇಂಗ್ಲಿಷಿಗೆ ತಿರುಗಿಸೋದು.

ಕೆಲವು ತಿಂಗಳಿಗೆ ಬಂದವರು ವರ್ಷಗಟ್ಟಲೆ ಉಳಿದರು. 1940ರ ಜೂನ್‌ನಲ್ಲಿ ಇಟಲಿ ಯುದ್ಧಕ್ಕೆ ಇಳಿಯಿತು. ಬ್ರಿಟಿಷ್ ಭಾರತದಲ್ಲಿ ಇಟಲಿಯವರೆಲ್ಲಾ ಶತ್ರುದೇಶದವರಾದರು. ಮಾರಿಯೊನನ್ನು ಅಹಮದ್‌ನಗರದ ಶಿಬಿರಕ್ಕೆ ಒಯ್ದರು, ತಾಯಿಯನ್ನು ಅಡ್ಯಾರಿನ ಆವರಣ ಬಿಟ್ಟು ಹೋಗದಂತೆ ತಡೆದರು. ಆಗಸ್ಟ್ 31ರಂದು, ಅವರ ಎಪ್ಪತ್ತನೇ ಹುಟ್ಟುಹಬ್ಬಕ್ಕೆ, ವೈಸರಾಯ್ ಮಗನನ್ನು ಬಿಡುಗಡೆ ಮಾಡಿದರು. ಆ ಸುದ್ದಿ ಬಂದ ತಂತಿಯಲ್ಲಿ ಮಾರಿಯೊನನ್ನು ಮಗ ಅಂತಲೇ ಕರೆದಿದ್ದರು. ನಲವತ್ತೆರಡು ವರ್ಷ ಮುಚ್ಚಿಟ್ಟಿದ್ದ ಮಾತು ಒಂದು ಸರ್ಕಾರಿ ಕಾಗದದಲ್ಲಿ ಹೊರಬಂತು.

ಮುಂದೆ ಸುಮಾರು ಎರಡು ವರ್ಷ ಕೊಡೈಕನಾಲ್‌ನಲ್ಲಿ ಕಳೆದರು. ಬೆಟ್ಟ, ಗಿಡ, ಹುಳ, ಹಕ್ಕಿಗಳ ನಡುವೆ ಸಣ್ಣದೊಂದು ಶಾಲೆ. ಹುಟ್ಟಿದ ಕೂಸಿನಿಂದ ಮೂರು ವರ್ಷದವರೆಗಿನ ಕಾಲ ಎಷ್ಟು ಮುಖ್ಯ ಅಂತ ಅವರು ಗಟ್ಟಿಯಾಗಿ ಹೇಳಲು ಶುರುಮಾಡಿದ್ದು ಭಾರತದ ಈ ವರ್ಷಗಳಲ್ಲೇ. ತಾಯಿಯ ಸೊಂಟದ ಮೇಲೆ ಕೂತು ಸಂತೆ, ಜಗಳ, ಚೌಕಾಶಿ, ಎಲ್ಲವನ್ನೂ ನೋಡುವ ಕೂಸು ಯಾರೂ ಕಲಿಸದೆ ಭಾಷೆಯನ್ನು ಪೂರ್ತಿಯಾಗಿ ಹೀರಿಕೊಳ್ಳುತ್ತೆ. ವ್ಯಾಕರಣ ಓದಿ ಅಲ್ಲ, ಸುತ್ತಲಿನ ಬದುಕಿನಲ್ಲಿ ಇದ್ದು. ಸ್ಪಂಜು ನೀರು ಹೀರಿದ ಹಾಗೆ, ಒಳ್ಳೆಯದು ಕೆಟ್ಟದ್ದು ಎರಡನ್ನೂ. ಮಗುವಿನ ಮನಸ್ಸಿನ ಈ ಗುಣದ ಬಗ್ಗೆ ಅಹಮದಾಬಾದ್‌ನಲ್ಲಿ ಕೊಟ್ಟ ಉಪನ್ಯಾಸಗಳೇ 1949ರಲ್ಲಿ ಮದ್ರಾಸಿನಿಂದ ದಿ ಅಬ್ಸಾರ್ಬೆಂಟ್ ಮೈಂಡ್ ಪುಸ್ತಕವಾಗಿ ಬಂದವು. ಭಾರತದಲ್ಲಿ ಅವರಿಂದ ತರಬೇತಿ ಪಡೆದವರು ಸಾವಿರಕ್ಕೂ ಹೆಚ್ಚು.

1949ರಲ್ಲಿ ಯುರೋಪಿಗೆ ಮರಳಿದರು. ಆ ವರ್ಷದಿಂದ ಸತತ ಮೂರು ಸಲ ನೊಬೆಲ್ ಶಾಂತಿ ಪ್ರಶಸ್ತಿಗೆ ಹೆಸರು ಹೋಯ್ತು, ಬರಲಿಲ್ಲ. 1952ರ ಮೇ 6ರಂದು ಹಾಲೆಂಡಿನ ಕಡಲತೀರದ ನೂರ್ಡ್‌ವೈಕ್‌ನಲ್ಲಿ ತೀರಿಕೊಂಡರು. 81 ವರ್ಷ. ಮಾರಿಯೊ ಹತ್ತಿರವೇ ಇದ್ದ.

ಅಂಗಳಕ್ಕೆ ಬಂದ ಮನೆ

ಗಾಂಧೀಜಿ ಎತ್ತಿದ ಪ್ರಶ್ನೆಗೆ ಉತ್ತರ ಹುಡುಕಿದವರು ನಮ್ಮವರೇ. ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ 1920ರಲ್ಲೇ ಬಾಲಮಂದಿರ ಶುರುಮಾಡಿದ್ದರು. ಅವರ ಜೊತೆ ಕೆಲಸ ಮಾಡಿದ ತಾರಾಬಾಯಿ ಮೋಡಕ್ 1945ರಲ್ಲಿ ಮಹಾರಾಷ್ಟ್ರದ ಬೋರ್ಡಿಗೆ ಹೋದರು. ಅನುತಾಯಿ ವಾಘ್ ಜೊತೆಗೂಡಿದರು. ದುಬಾರಿ ಸಾಮಾನುಗಳ ಬದಲು ಚಿಪ್ಪು, ಕಲ್ಲು, ಎಲೆ, ಬೀಜ ಬಂದವು. ಆದಿವಾಸಿ ಮಕ್ಕಳು ಶಾಲೆಗೆ ಬರದಿದ್ದಾಗ ಶಾಲೆಯೇ ಅವರ ಮನೆಯಂಗಳಕ್ಕೆ ಹೋಯ್ತು. ಅಂಗನವಾಡಿ ಅನ್ನೋ ಪದದ ಬೇರು ಅಲ್ಲಿದೆ, ನಮ್ಮ ಅಂಗಳವೇ ಅದು. 1975ರ ಅಕ್ಟೋಬರ್ 2ರಂದು, ಗಾಂಧಿ ಜಯಂತಿಯ ದಿನ, ಕೇಂದ್ರದ ಐಸಿಡಿಎಸ್ ಯೋಜನೆ 33 ಕಡೆ ಶುರುವಾದಾಗ ಕರ್ನಾಟಕದ ಪಾಲಿಗೆ ಬಂದದ್ದು ಟಿ. ನರಸೀಪುರ. ಇವತ್ತು ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ.

ಹಾಗಾಗಿ ವಂಶವೃಕ್ಷ ಬರೆದರೆ, ಸ್ಯಾನ್ ಲೊರೆಂಜೊದ ಆ ಕೋಣೆಯ ನೇರ ವಾರಸುದಾರ ಬೋರ್ಡು ಹಾಕಿಕೊಂಡ ಶಾಲೆಯಲ್ಲ, ಅದರ ಹಿಂದಿನ ಬೀದಿಯ ಅಂಗನವಾಡಿ. ಅದೇ ಕೂಲಿಕಾರ ತಂದೆತಾಯಿ, ಅದೇ ಮೂರರಿಂದ ಆರು ವರ್ಷ.

ನಮ್ಮ ತಾಲ್ಲೂಕುಗಳ ಬೆಳಗಿನ ಹೊತ್ತನ್ನೇ ನೋಡಿ. ರಾಮನಗರದ ಗೂಡಿನ ಮಾರುಕಟ್ಟೆ ತೆರೆಯೋ ಮುಂಚೆ ರೀಲಿಂಗ್ ಘಟಕಗಳಲ್ಲಿ ಕೆಲಸ ಶುರು. ಕನಕಪುರ, ಹಾರೋಹಳ್ಳಿ, ಬಿಡದಿ ಕಡೆ ಕಾರ್ಖಾನೆಗಳಿಗೆ ಹೆಂಗಸರನ್ನು ತುಂಬಿಕೊಂಡು ಹೋಗುವ ಬಸ್ಸುಗಳು. ಮಾಗಡಿಯ ಹೊಲಗಳಲ್ಲಿ ರಾಗಿ, ಅವರೆ. ಆ ಹೊತ್ತಿಗೆ ಕೂಸುಗಳು ಎಲ್ಲಿ? ನರೇಗಾ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗೆ ಅಂತ 2023ರ ಬಜೆಟ್ಟಿನಲ್ಲಿ ಬಂದ ಕೂಸಿನ ಮನೆ ಯೋಜನೆ 4,000 ಗ್ರಾಮ ಪಂಚಾಯಿತಿಗಳ ಗುರಿ ಇಟ್ಟುಕೊಂಡಿತ್ತು. ಕಾರ್ಖಾನೆಗೆ ಹೋಗುವವರ ಕೂಸುಗಳನ್ನು ಬಹಳಷ್ಟು ಕಡೆ ಅಜ್ಜಿಯೇ ನೋಡಿಕೊಳ್ಳಬೇಕು.

ಈ ನೆಲಕ್ಕೆ ಮಕ್ಕಳ ಕೈಯ ವಿಷಯದಲ್ಲಿ ಒಂದು ಹಳೆಯ ಲೆಕ್ಕವೂ ಬಾಕಿ ಇದೆ. ಬುದ್ಧಿ ಬೆಳೆಯೋದು ಕೈಯ ಮೂಲಕ ಅಂತ ಮಾಂಟೆಸ್ಸರಿ ಜೀವನವಿಡೀ ಹೇಳಿದರು. ನಮ್ಮ ರೇಷ್ಮೆ ಉದ್ಯಮಕ್ಕೂ ಮಕ್ಕಳ ಕೈ ಬೇಕಿತ್ತು, ಬೇರೆ ಕಾರಣಕ್ಕೆ. ಕುದಿನೀರಿನ ಬಾಣಲೆಯಲ್ಲಿ ಗೂಡಿನ ಎಳೆ ಹುಡುಕಲು ಚಿಕ್ಕ ಬೆರಳುಗಳು. ಸಾಲಕ್ಕೆ ಜೀತವಿದ್ದ ಮಕ್ಕಳ ಬೆಂದ ಕೈಗಳ ಬಗ್ಗೆ ಹ್ಯೂಮನ್ ರೈಟ್ಸ್ ವಾಚ್ 2003ರಲ್ಲಿ ವರದಿ ಮಾಡಿತ್ತು. ಆ ಮಕ್ಕಳು ಈಗ ನನ್ನ ವಯಸ್ಸಿನವರು. ಅವರ ಮಕ್ಕಳು ಈಗ ಅಂಗನವಾಡಿಗೆ ಹೋಗುವ ವಯಸ್ಸಿನವರು.

ಆ ಮಕ್ಕಳ ಮುಂದೆ ನಿಲ್ಲುವ ಹೆಂಗಸನ್ನು ನಾವು ಇನ್ನೂ ಶಿಕ್ಷಕಿ ಅಂತ ಕರೆಯಲ್ಲ, ಕಾರ್ಯಕರ್ತೆ ಅಂತೀವಿ. ಸಂಬಳ ಕೊಡಲ್ಲ, ಗೌರವಧನ ಅಂತೀವಿ. ಗರ್ಭಿಣಿಯರ ಪಟ್ಟಿ, ಮಕ್ಕಳ ತೂಕ, ಮೊಬೈಲ್ ಆ್ಯಪಿಗೆ ಅಂಕಿಅಂಶ, ಸರ್ವೆ, ಚುನಾವಣೆ ಕೆಲಸ ಎಲ್ಲಾ ಮುಗಿದ ಮೇಲೆ ಮಕ್ಕಳನ್ನು ನೋಡಬೇಕು. ಗ್ರಾಚ್ಯುಟಿಗೂ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಬೇಕಾಯ್ತು, 2022ರ ಏಪ್ರಿಲ್‌ನಲ್ಲಿ ಅವರು ಅದಕ್ಕೆ ಹಕ್ಕುದಾರರು ಅಂತ ತೀರ್ಪು ಬಂತು. ಮಾಂಟೆಸ್ಸರಿ ವಿಧಾನ ಅಂದರೆ ಒಂದೇ ಮಾತಲ್ಲಿ, ಮಗುವನ್ನು ನೋಡೋದು. ನೋಡೋಕೆ ಪುರುಸೊತ್ತೇ ಕೊಡದೆ ಆ ಹೆಸರು ಬರೆಸಿದರೆ ಉಳಿಯೋದು ಬಣ್ಣ ಮಾತ್ರ.

ಇದು ಬರೀ ಭಾವುಕತೆ ಅಲ್ಲ. ಅಮೆರಿಕಾದ ಮಿಲ್ವಾಕಿ ನಗರದ ಒಂದು ಸರ್ಕಾರಿ ಮಾಂಟೆಸ್ಸರಿ ಶಾಲೆಗೆ ಲಾಟರಿಯಲ್ಲಿ ಸೀಟು ಸಿಕ್ಕ ಮಕ್ಕಳನ್ನೂ ಸಿಗದ ಮಕ್ಕಳನ್ನೂ ಹೋಲಿಸಿದ ಅಧ್ಯಯನ 2006ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂತು. ಐದು ವರ್ಷಕ್ಕೆ ಓದು, ಲೆಕ್ಕ, ಜೊತೆಯವರ ಸಂಗಡ ನಡೆದುಕೊಳ್ಳುವ ರೀತಿ, ಎಲ್ಲದರಲ್ಲೂ ಸೀಟು ಸಿಕ್ಕವರು ಮುಂದಿದ್ದರು. ಒಂದೇ ಊರಿನ ಫಲಿತಾಂಶ ಅದು, ಎಲ್ಲಾ ಕಡೆ ಹಾಗೇ ಆಗುತ್ತೆ ಅಂತ ಹೇಳೋಕಾಗಲ್ಲ. ಆದರೆ ಸರ್ಕಾರಿ ದುಡ್ಡಿನಲ್ಲಿ, ಫೀಸಿಲ್ಲದೆ, ಇದನ್ನು ಚೆನ್ನಾಗಿ ಮಾಡಬಹುದು ಅನ್ನೋದಕ್ಕೆ ಅಷ್ಟು ಸಾಕು.

ನಮ್ಮಲ್ಲಿ ಸಾಮಾನಿಗೂ ಕೊರತೆ ಇಲ್ಲ. ಒಂದು ಲೋಟದಿಂದ ಇನ್ನೊಂದಕ್ಕೆ ಚೆಲ್ಲದೆ ಸುರಿಯಲು ರಾಗಿ. ಬಣ್ಣ, ಅಳತೆ ನೋಡಿ ಬೇರೆ ಮಾಡಲು ಅವರೆ, ಹುರುಳಿ, ಹುಣಸೆಬೀಜ. ಚಂದ್ರಿಕೆಯಿಂದ ಬಿಡಿಸಿದ ಗೂಡಿನಲ್ಲಿ ಒಳ್ಳೆಯದನ್ನೂ ಜಳ್ಳನ್ನೂ ಆರಿಸುವ ಅಜ್ಜಿಯ ಕೆಲಸವೇ ಒಂದು ಪಾಠ, ಅದು ಆಟವಾಗಿ ಇರುವಷ್ಟು ಹೊತ್ತು. ಹತ್ತು ಕಿಲೋಮೀಟರ್ ಆಚೆ ಲೇತುಗಳು ತಿರುಗುತ್ತಿವೆ. ಈ ಜಿಲ್ಲೆಯ ಅಂಗನವಾಡಿಗಳಿಗೆ ಚನ್ನಪಟ್ಟಣದಲ್ಲೇ ಕಲಿಕೆಯ ಸಾಮಾನು ಮಾಡಿಸಿದರೆ ಕುಶಲಕರ್ಮಿಗೆ ವರ್ಷವಿಡೀ ಕೆಲಸ, ಮಗುವಿಗೆ ಒಳ್ಳೆಯ ಮರ. ಜಿಲ್ಲೆಗೆ ಬೆಂಗಳೂರು ದಕ್ಷಿಣ ಅಂತ ಹೆಸರು ಬದಲಿಸಲು 2025ರಲ್ಲಿ ಸಂಪುಟ ತೀರ್ಮಾನಿಸಿದಾಗ ಎಷ್ಟು ಚರ್ಚೆ ಆಯ್ತು ನೆನಪಿದೆಯಲ್ಲ? ಅದರ ಕಾಲುಭಾಗ ಚರ್ಚೆ ಈ ವಿಷಯಕ್ಕೆ ಸಿಕ್ಕರೆ ಸಾಕು.

ಮುಂದಿನ ಗ್ರಾಮಸಭೆಗೆ ಹೋದರೆ ರಸ್ತೆ, ಚರಂಡಿ ಜೊತೆ ಮೂರು ವಿಷಯ ಕೇಳಿ. ನಮ್ಮ ಅಂಗನವಾಡಿಯ ಬೀರು ದಿನಾ ತೆಗೀತಾರಾ? ಟೀಚರಮ್ಮನಿಗೆ ಮಕ್ಕಳ ಜೊತೆ ಎಷ್ಟು ಗಂಟೆ ಸಿಗುತ್ತೆ? ಬಾಲವಿಕಾಸ ಸಮಿತಿ ಕೊನೆಯ ಸಲ ಸೇರಿದ್ದು ಯಾವಾಗ? ಅದಕ್ಕೂ ಮೊದಲು ಒಂದು ದಿನ, ಅವರ ಒಪ್ಪಿಗೆ ಕೇಳಿ, ಒಂದು ಗಂಟೆ ಅಲ್ಲಿ ನೆಲದ ಮೇಲೆ ಕೂತು ಬನ್ನಿ. ಒಂದೇ ಮಗುವನ್ನು ನೋಡಿ. ಕೈಯಲ್ಲಿ ಏನು ಹಿಡಿದಿದೆ, ಎಷ್ಟು ಸಲ ಮಾಡುತ್ತೆ, ಯಾರು ಬಂದು ನಿಲ್ಲಿಸ್ತಾರೆ. ಸ್ಯಾನ್ ಲೊರೆಂಜೊದಲ್ಲಿ ಡಾಕ್ಟರ್ ಮಾಂಟೆಸ್ಸರಿ ಶುರುಮಾಡಿದ್ದೂ ಅಷ್ಟರಿಂದಲೇ.